ಮುಖ ಕೊಟ್ಟು ಮಾತಾಡದವಳು

ವೇದಿಕೆಯ ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಕಲ್ಪನಾ ಫೈಲು ಬಿಚ್ಚಿದಳು. ಹೇಮಾವತಿ ಓದಬೇಕಿದ್ದ ಭಾಷಣದ ಹಾಳೆಯನ್ನು ತೆಗೆದು ತನ್ನ ಬ್ಯಾಗಿಗೆ ತುರುಕಿದಳು. ಅದರ ಜಾಗದಲ್ಲಿ ಬೇರೊಂದು ಹಾಳೆ ಇಟ್ಟಳು. ಹೊನ್ನಾಳಿಯ ಹಳೆಯ ಬೀಜದ ಡೀಲರ್ ಹಾಲಸ್ವಾಮಿ ತೀರಿಕೊಂಡಾಗ ಪತ್ರಿಕೆಗಳಿಗೆಂದು ಅವಳೇ ಬರೆದಿದ್ದ ಶ್ರದ್ಧಾಂಜಲಿ ಅದು. ಫೈಲು ಮುಚ್ಚಿ ಮೊದಲಿದ್ದಲ್ಲೇ ಇಟ್ಟಳು.

ಜಗಳೂರಿನ ಸಮುದಾಯ ಭವನದಲ್ಲಿ ಅಂದು ರೈತರ ಸಮಾವೇಶ. ಚನ್ನಗಿರಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ಬೀಜದ ಕಂಪನಿಯೊಂದು ಮೆಕ್ಕೆಜೋಳದ ಹೊಸ ತಳಿಯನ್ನು ಬಿಡುಗಡೆ ಮಾಡುತ್ತಿತ್ತು. ಹೆಡ್ ಆಫೀಸಿನಿಂದ ಬಸವರಾಜ್ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರಚಾರ ವಿಭಾಗದ ಇಬ್ಬರು ಹುಡುಗಿಯರಲ್ಲಿ ಒಬ್ಬಳನ್ನು ಮಾತ್ರ ಖಾಯಂ ಮಾಡುವುದೆಂದು ಕಂಪನಿ ಹೇಳಿತ್ತು. ಯಾರನ್ನು ಎಂಬುದು ಇವತ್ತು ಬಸವರಾಜ್ ಅವರ ಕಣ್ಣೆದುರೇ ತೀರ್ಮಾನವಾಗಬೇಕಿತ್ತು.

ಮೊದಲು ಸೇರಿದವಳು ಕಲ್ಪನಾ. ಸಂತೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದು, ಪತ್ರಿಕಾ ಪ್ರಕಟಣೆ ಬರೆದು, ವರದಿಗಾರರಿಗೆ ಫೋನ್ ಮಾಡಿ, ಬ್ಯಾನರ್ ಕಟ್ಟಿಸಿ ಬೆವರು ಸುರಿಸಿದವಳು. ಹೇಮಾವತಿ ಆಮೇಲೆ ಬಂದಳು. ಬಂದವಳೇ ಮೈಕು ಹಿಡಿದಳು. ಅವಳ ದನಿಗೆ ಜನ ತಲೆದೂಗಿದರು. ವರದಿಗಾರರಂತೂ ಅವಳ ಭಕ್ತರೇ ಆಗಿಬಿಟ್ಟರು. ಯಾರಾದರೂ ಹಿಂದಿನಿಂದ ಬರೀ ಕೆಮ್ಮಿದರೂ ಸಾಕು, ತಿರುಗಿ ನೋಡುವ ಮೊದಲೇ ಹೆಸರು ಹಿಡಿದು ಮಾತಾಡಿಸುತ್ತಿದ್ದಳು.

ಕಲ್ಪನಾಳ ಹತ್ತಿರ ಮಾತ್ರ ಅದೇನು ಗತ್ತೋ. ಮುಖ ಕೊಟ್ಟು ಮಾತಾಡಿದ್ದೇ ಇಲ್ಲ. ಎದುರು ನಿಂತು ಮಾತಾಡುವಾಗಲೂ ಅವಳ ನೋಟ ಕಲ್ಪನಾಳ ಕಿವಿಯ ಪಕ್ಕದಲ್ಲೆಲ್ಲೋ ಇರುತ್ತಿತ್ತು, ಈ ಮುಖದಲ್ಲಿ ನೋಡುವಂಥದ್ದೇನಿದೆ ಎನ್ನುವ ಹಾಗೆ. ಒಮ್ಮೆ ಊರಿನ ಸಂತೆಯಲ್ಲಿ ಎದುರಾದಾಗ ಕಲ್ಪನಾ ನಕ್ಕಳು. ಹೇಮಾವತಿ ಗುರುತೇ ಇಲ್ಲದವಳಂತೆ ಪಕ್ಕದಲ್ಲೇ ಹಾದುಹೋದಳು. ಅಂದು ಕಲ್ಪನಾಳ ಹೊಟ್ಟೆಯಲ್ಲಿ ಹತ್ತಿದ ಕಿಚ್ಚು ಮತ್ತೆ ಆರಲಿಲ್ಲ.

ಕೆಲಸ ಹೇಳುವುದರಲ್ಲೂ ಅದೇ ದೊಡ್ಡಸ್ತಿಕೆ. “ಮೆಸೇಜ್ ಬರೀಬ್ಯಾಡ್ರಿ ಕಲ್ಪನಾ, ಮಾತಾಡಿ ಕಳಿಸ್ರಿ” ಎನ್ನುತ್ತಿದ್ದಳು. ಬರೆದದ್ದನ್ನು ಕೈಗಿಟ್ಟರೆ ಕಣ್ಣೂ ಹಾಯಿಸದೆ, “ನೀವೇ ಒಂದ್ಸಲ ಓದಿ ಹೇಳ್ರಿ. ನಿಮ್ಮ ಬಾಯಾಗೆ ಕೇಳಿದ್ರೆ ಚೆನ್ನಾಗಿ ಮನಸ್ಸಿಗೆ ಕೂಡ್ತೈತೆ” ಎನ್ನುತ್ತಿದ್ದಳು. ಕಲ್ಪನಾ ಓದುತ್ತಿದ್ದಳು. ರಾಣಿಯ ಮುಂದೆ ದಾಸಿ ಓದಿದ ಹಾಗೆ.

ಮ್ಯಾನೇಜರ್ ಸತೀಶ್ ಕುಮಾರ್ ಹೇಮಾವತಿಯನ್ನು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು ಅವಳೊಂದಿಗೆ ಎಷ್ಟೋ ಹೊತ್ತು ಮಾತಾಡುತ್ತಿದ್ದರು. ನ್ಯಾಮತಿಯ ಕಾರ್ಯಕ್ರಮದಲ್ಲಿ ವೇದಿಕೆಯ ಮೆಟ್ಟಿಲು ಇಳಿಯುವಾಗ ಹೇಮಾವತಿ ಎಲ್ಲರ ಎದುರೇ ಅವರ ತೋಳು ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ. ಕಲ್ಪನಾಳಿಗೆ ಅಷ್ಟು ಸಾಕಾಯಿತು.

“ನಾನೂ ಒಂದ್ಸಲ ವೇದಿಕೆ ಮೇಲೆ ಮಾತಾಡಾಕೆ ಆಗಲ್ಲವಾ ಸರ್?” ಎಂದು ಕಲ್ಪನಾ ಜಗಳೂರಿಗೆ ಹೊರಡುವ ಮುನ್ನ ಕೇಳಿದ್ದಳು.

ಸತೀಶ್ ಕುಮಾರ್ ತಲೆ ತಗ್ಗಿಸಿ, “ಬೇರೆ ಏನು ಕೆಲಸ ಇದ್ರೂ ನೀವು ಮಾಡ್ತೀರಿ ಕಲ್ಪನಾ. ಆಕೆಗೆ ಇದೊಂದೇ ಇರೋದು” ಎಂದಿದ್ದರು.

ಇದೊಂದೇ ಅಂತೆ. ಇರುವುದರಲ್ಲಿ ಒಳ್ಳೆಯದೆಲ್ಲ ಆಕೆಗೇ.

ಈಗ ಹೇಮಾವತಿ ಮೈಕಿನ ಮುಂದೆ ನಿಂತಳು. ಫೈಲು ಬಿಚ್ಚಿ ಹಾಳೆ ಎತ್ತಿಕೊಂಡಳು. ಕಲ್ಪನಾ ಒಂದು ಹೆಜ್ಜೆ ಮುಂದೆ ಬಂದು ನೋಡಿದಳು. ಇನ್ನೇನು ತಡವರಿಸುತ್ತಾಳೆ, ಬಸವರಾಜ್ ಹುಬ್ಬು ಗಂಟಿಕ್ಕುತ್ತಾರೆ.

ಹೇಮಾವತಿ ಹಾಳೆಯ ಮೇಲೆ ನೋಟ ಊರಿ ಶುರು ಮಾಡಿದಳು. ಒಂದು ಪದವೂ ತಪ್ಪಲಿಲ್ಲ. ಬೆಳಿಗ್ಗೆ ಬರುವಾಗ ಸತೀಶ್ ಕುಮಾರ್ ಅವರ ಕಾರಿನಲ್ಲಿ ಕಲ್ಪನಾ ಓದಿ ಹೇಳಿದ್ದ ಭಾಷಣವೇ, ಅವಳು ನಿಲ್ಲಿಸಿದಲ್ಲೇ ನಿಲ್ಲಿಸಿ, ಅವಳು ಒತ್ತಿ ಹೇಳಿದ್ದನ್ನೇ ಒತ್ತಿ ಹೇಳಿದಳು. ಭವನ ಚಪ್ಪಾಳೆಯಿಂದ ತುಂಬಿತು. ಬಸವರಾಜ್ ಕೂಡ ಚಪ್ಪಾಳೆ ತಟ್ಟಿದರು. ಹಾಳೆ ಬದಲಾದದ್ದು ಕಂಡರೂ ಎದೆಗುಂದದೆ ಬಾಯಿಪಾಠ ಒಪ್ಪಿಸಿಬಿಟ್ಟಳಲ್ಲ ಎಂದು ಕಲ್ಪನಾ ಹಲ್ಲು ಕಚ್ಚಿದಳು. ಸೋಲಿಸಲು ಹೋಗಿ ತಾನೇ ಗೆಲ್ಲಿಸಿದ ಹಾಗಾಯಿತು.

ಆಗ ವರದಿಗಾರ ರಮೇಶ್ ವೇದಿಕೆಯ ಹತ್ತಿರ ಬಂದು ಭಾಷಣದ ಪ್ರತಿ ಕೇಳಿದ. ಹೇಮಾವತಿ ನಗುತ್ತಾ ಕೈಯಲ್ಲಿದ್ದ ಹಾಳೆಯನ್ನೇ ಕೊಟ್ಟಳು.

“ಎಲ್ಲಾ ಇದ್ರಾಗೇ ಐತೆ ರಮೇಶ್ ಅವ್ರೇ. ಹಿಂಗೇ ಹಾಕ್ರಿ.”

ರಮೇಶ್ ಓದಿ ಕಕ್ಕಾಬಿಕ್ಕಿಯಾದ. “ಮೇಡಂ, ಇದು ಹಾಲಸ್ವಾಮಿಯೋರ ಶ್ರದ್ಧಾಂಜಲಿ ಐತಲ್ಲ.”

ಪಕ್ಕದಲ್ಲೇ ಇದ್ದ ಬಸವರಾಜ್ ಹಾಳೆ ಇಸಿದುಕೊಂಡು ನೋಡಿದರು. ಅವರ ಮುಖದ ನಗೆ ಆರಿತು. “ಇಷ್ಟೊತ್ತು ಇದನ್ನ ನೋಡ್ಕೊಂಡು ಓದಿದ್ರಾ? ಏನಮ್ಮ ಇದು, ಕಂಪನಿ ಅಂದ್ರೆ ತಮಾಷೆನಾ? ಊಟ ಮುಗಿಸಿ ಬರ್ತೀನಿ, ಕೂತು ವಿವರ ಹೇಳ್ರಿ.”

ಹೇಮಾವತಿಯ ಮುಖದ ಬಣ್ಣ ಇಳಿದುಹೋಯಿತು. ಜನರೆಲ್ಲ ಊಟಕ್ಕೆ ಎದ್ದರು. ಸತೀಶ್ ಕುಮಾರ್ ಬಸವರಾಜ್ ಅವರ ಬೆನ್ನು ಹತ್ತಿದರು. ಹೇಮಾವತಿ ಒಬ್ಬಳೇ ಗೋಡೆ ಸವರಿಕೊಂಡು ವೇದಿಕೆಯ ಹಿಂದಕ್ಕೆ ಬಂದಳು.

ಕಲ್ಪನಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಓಡಿಹೋಗಲಿಲ್ಲ. ಮಾತಾಡಲೂ ಇಲ್ಲ. ಹೌದು, ನಾನೇ ಮಾಡಿದ್ದು, ಏನೀಗ ಎನ್ನುವಂತೆ ತಲೆ ಎತ್ತಿ ಅವಳ ಮುಖವನ್ನೇ ದಿಟ್ಟಿಸಿದಳು. ಹೇಮಾವತಿ ಒಂದು ಮಾರು ದೂರದಲ್ಲಿ ನಿಂತು, ಕಲ್ಪನಾಳ ಕಿವಿಯ ಪಕ್ಕಕ್ಕೆ ನೋಟ ಇಟ್ಟು, ತಗ್ಗಿದ ದನಿಯಲ್ಲಿ ಕೇಳಿದಳು:

“ಯಾರಮ್ಮ ಅಲ್ಲಿ ನಿಂತಿರೋದು? ನಂಗೆ ಮುಖ ಕಾಣಲ್ಲ, ಅಕ್ಷರಾನೂ ಕಾಣಲ್ಲ. ಇಲ್ಲೆಲ್ಲೋ ಕಲ್ಪನಾ ಅಂತ ನಮ್ಮೋರು ಇರ್ತಾರೆ, ಸಾಹೇಬ್ರು ಊಟ ಮುಗಿಸಿ ಬರೋದ್ರೊಳಗೆ ಸ್ವಲ್ಪ ಕರೀರಿ, ಅವರ ಬಾಯಾಗಿಂದ ಕೇಳಿದ್ರೇನೇ ನಾನು ಓದಿದಂಗೆ.”