ತಿಳಿಗಂಜಿ

ಮದುವೆಯಾಗಿ ತಿಂಗಳೂ ತುಂಬದ ಮಗಳು ಸುಟ್ಟಗಾಯದವರ ವಾರ್ಡಿನಲ್ಲಿ ಬಾಳೆಲೆಯ ಮೇಲೆ ಮಲಗಿದ್ದಳು. ಬೆಂಕಿ ತಾಕಿದ್ದಲ್ಲ, ಯಾವುದೋ ಮಾತ್ರೆ ಒಗ್ಗದೆ ಮೈಯ ಚರ್ಮವೇ ಸುಲಿದು ಬರುತ್ತಿತ್ತು. ತಲೆ ಸವರೋಣವೆಂದರೆ ಮುಟ್ಟಲು ಜಾಗವಿರಲಿಲ್ಲ. ತಾಯಿ ರುದ್ರಮ್ಮನ ಪಾಲಿಗೆ ಉಳಿದದ್ದು ಚಮಚದಲ್ಲಿ ಗಂಜಿ ಕುಡಿಸುವುದೊಂದೇ.

“ಜ್ವರದ ಮಾತ್ರೆ ನಿಲ್ಲಿಸಿ ವಾರ ಆಯ್ತು,” ಎಂದರು ಡಾಕ್ಟರು. “ಆದ್ರೂ ದಿನಾ ಹೊಸ ಬೊಬ್ಬೆ ಏಳ್ತಿವೆ. ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ಲಾ? ನೆನಪು ಮಾಡ್ಕೊಂಡು ಹೇಳಿ ಅಮ್ಮ.”

ರುದ್ರಮ್ಮ ಪಕ್ಕದಲ್ಲಿ ನಿಂತಿದ್ದ ಅಳಿಯನ ಮುಖ ನೋಡಿದಳು.

“ಇಲ್ಲ ಡಾಕ್ಟ್ರೇ. ನಮ್ಮ ಹುಡುಗಿಗೆ ಯಾವ ಕಾಯಿಲೇನೂ ಇರ್ಲಿಲ್ಲ.”

“ಹೇಗಾದ್ರೂ ಉಳಿಸ್ಕೊಡಿ ಸಾರ್,” ಅಳಿಯ ಕೈಮುಗಿದ.

“ಕಾರಣಾನೇ ಗೊತ್ತಾಗ್ದೆ ನಾನೇನ್ ಮಾಡ್ಲಪ್ಪ?”

ಡಾಕ್ಟರು ಹೊರಟರು. ಅಳಿಯ ಅವರ ಹಿಂದೆಯೇ ಹೋದ.

ರುದ್ರಮ್ಮ ಬಾಗಿಲ ಕಡೆ ನೋಡಿಕೊಂಡು ಸೆರಗಿನ ಗಂಟು ಬಿಚ್ಚಿದಳು. ಮದುವೆ ಹತ್ತಿರ ಬಂದಾಗ ಕಾಣಿಸಿಕೊಂಡ ಫಿಟ್ಸಿಗೆ ಗುಟ್ಟಾಗಿ ಬರೆಸಿಕೊಂಡು ಬಂದಿದ್ದ ಮಾತ್ರೆ. ಒಂದು ಹೊತ್ತು ತಪ್ಪಿದರೂ ಮಗಳು ಗಂಡನೆದುರೇ ಬಿದ್ದಾಳು. ಎಂದಿನಂತೆ ಅದನ್ನು ನುಣ್ಣಗೆ ಪುಡಿಮಾಡಿ ಗಂಜಿಗೆ ಕಲಸಿ, “ಬಾಯಿ ತೆಗಿ ಕಂದ,” ಎಂದಳು.