ಮರದ ತುದಿಗೆ ನೀರು

"ಒಂದಿನ ಇಬ್ಬರೂ ಸೇರಿ ಒಂದೇ ಪಾಠ ಮಾಡೋಣ ಕಣೇ," ಎಂದು ಹಾಸ್ಟೆಲ್ ದಿನಗಳಲ್ಲಿ ಗೆಳತಿಗೆ ಮಾತು ಕೊಟ್ಟವಳು ಈಗಿನ ಭೌತಶಾಸ್ತ್ರದ ಮೇಡಂ. ಇಂದು ಅವರಿಬ್ಬರ ಹೊಸ ಜಂಟಿ ಕೋರ್ಸಿನ ಮೊದಲ ತರಗತಿ: ಬೇರಿನ ನೀರು ಮರದ ತುದಿಗೆ ಏರುವುದು ಹೇಗೆ? ಗಂಟೆ ಮುಗಿಯುತ್ತ ಬಂದರೂ ಮೇಡಂ ಸೀಮೆಸುಣ್ಣ ಬಿಟ್ಟುಕೊಟ್ಟಿರಲಿಲ್ಲ. ಪಕ್ಕದಲ್ಲಿ ನಿಂತೇ ಇದ್ದ, ಸಸ್ಯಶಾಸ್ತ್ರ ಕಲಿಸುವ ಆ ಗೆಳತಿಯ ಕೈಯಲ್ಲಿ ಎಲೆ ಬಾಡುತ್ತಿತ್ತು.

"ಮೇಡಂ, ನಿಮ್ಮ ಗಾಳಿಯ ಒತ್ತಡದ ಲೆಕ್ಕದಲ್ಲಿ ನೀರು ಹತ್ತು ಮೀಟರಿಗೇ ನಿಲ್ಲುತ್ತೆ. ಮರ ಇನ್ನೂ ಎತ್ತರ ಇರುತ್ತಲ್ಲ?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ಮೇಡಂ ಹಲಗೆಯನ್ನೇ ಮಿಕಿಮಿಕಿ ನೋಡಿದಳು. ಓದುವ ದಿನಗಳಲ್ಲಿ ಲ್ಯಾಬಿನ ಬೀಕರ್ ಒಡೆದು ತನ್ನ ಬೆನ್ನ ಹಿಂದೆ ಅಡಗುತ್ತಿದ್ದವಳ ಮುಖವೇ ಗೆಳತಿಗೆ ಕಂಡಿತು.

"ಬಾರೇ, ಇದು ನನ್ನೊಬ್ಬಳ ಕೈಲಾಗಲ್ಲ," ಎಂದು ಮೇಡಂ ಸೀಮೆಸುಣ್ಣ ಚಾಚಿದಳು.

"ಅಂತೂ ನೆನಪಾದೆನಲ್ಲ, ಮಹರಾಯ್ತಿ!" ಎನ್ನುತ್ತ ಗೆಳತಿ ಅದನ್ನು ತೆಗೆದುಕೊಂಡು, ಎಲೆಯಿಂದ ಆವಿಯಾಗುವ ನೀರು ಕೆಳಗಿನ ನೀರನ್ನು ಮೇಲಕ್ಕೆಳೆಯುವುದನ್ನು ಹಲಗೆಯ ಮೇಲೆ ಬಿಡಿಸತೊಡಗಿದಳು. ಉಳಿದ ಪಾಠವನ್ನು ಇಬ್ಬರೂ ಸೇರಿ ಮಾಡಿದರು.