ಚಂಪಾಳಿಗೆ ಎರಡು ಹನಿ

ನಾನು ಸೊಪ್ಪು ಬಿಡಿಸುತ್ತಿದ್ದಾಗ ಆಸ್ಪತ್ರೆಯ ಸಿಸ್ಟರ್ ಔಷಧಿ ಹನಿಯ ಡಬ್ಬಿ ಹಿಡಿದು ಬಂದರು. ಕೇಡು ಯೋಚಿಸುವ ಬುದ್ಧಿ ಇರುವ ಮಕ್ಕಳಿಗೆ ಪ್ರತಿ ವರ್ಷ ಹಾಕುವ ಹನಿ ಅದು. ಹಾಕಿಸಿಕೊಂಡ ಮಕ್ಕಳು ಆಮೇಲೆ ಹೇಳಿದ್ದನ್ನಷ್ಟೇ ಮಾಡುತ್ತಾರೆ. ಈ ಸಲ ನನ್ನ ಮಗಳು ಚಂಪಾಳ ಸರದಿ.

“ಹಗ್ಗದಿಂದ ಏನೇನು ಮಾಡಬಹುದು ಅಂತ ಶಾಲೇಲಿ ಕೇಳಿದ್ವಿ. ಎಲ್ಲರೂ ಉಯ್ಯಾಲೆ ಕಟ್ಟೋದು, ಬಟ್ಟೆ ಒಣಗಿಸೋದು ಅಂದ್ರು. ಇವಳು, ಮೆಟ್ಟಿಲಿಗೆ ಅಡ್ಡ ಕಟ್ಟಿ ಅಪ್ಪನ್ನ ಬೀಳಿಸಬಹುದು ಅಂದ್ಲು. ಜೈಲಲ್ಲಿರೋರೂ ಹೀಗೇ ಹೇಳೋದಮ್ಮ.”

“ಇವಳಪ್ಪ ಕುಡಿದು ಬಂದು ನನ್ನ ಹೊಡೀತಾನೆ ಅಂತ ಹೇಳಲಿಲ್ವಾ?”

“ಹೇಳಿದ್ಲು. ಅವರನ್ನೂ ಪರೀಕ್ಷೆ ಮಾಡಿದ್ವಿ. ಕಲ್ಪನೆ ಸೊನ್ನೆ. ಬರೀ ಕೈಯಲ್ಲಿ ಹೊಡೆಯೋರು, ಅವರಿಂದ ಅಪಾಯ ಇಲ್ಲ.”

ಸೆರಗು ಸರಿಸಿ ಏಟು ಬಿದ್ದು ನೀಲಿಗಟ್ಟಿದ ತೋಳು ತೋರಿಸಿದೆ. ಆಕೆ ಅದನ್ನು ನೋಡದೆ, ನನ್ನ ಪಕ್ಕ ಕೂತಿದ್ದ ಚಂಪಾಳ ಕಡೆ ತಿರುಗಿದರು.

“ಬಾಯಿ ತೆಗಿ ಪುಟ್ಟಿ,” ಅಂದರು.

ಚಂಪಾಳ ಬಾಯನ್ನು ಅಂಗೈಯಿಂದ ಮುಚ್ಚಿದೆ. “ನಿಮ್ಮ ಹನಿ ನನ್ನ ಮಗಳಿಗೆ ಬೇಡ. ಎದ್ದು ನಡೀರಿ!”

ಆಕೆ ಹೋದ ಮೇಲೆ ಬಾಗಿಲು ಹಾಕಿ, ಮಗಳನ್ನು ಮಡಿಲಿಗೆ ಎಳೆದುಕೊಂಡೆ.

“ಅಪ್ಪನ್ನ ಬೀಳಿಸೋದು ಬೇಡ ಕಣೆ. ನಾವಿಬ್ರೂ ಈ ಮನೆಯಿಂದ ತಪ್ಪಿಸಿಕೊಂಡು ಹೋಗೋದು ಹೇಗೆ, ಅದನ್ನ ಯೋಚಿಸು.”